ಬೆಂಚಿನ ಮೇಲಿನ ಹೆಸರು

ಪಾಸಿರ್ ರಿಸ್, ಸಿಂಗಾಪುರ
9 ಜೂನ್ 2024

ಕೆಂಬಾರೆ ಠಾಣೆಯ ಸಬ್ ಇನ್ಸ್‌ಪೆಕ್ಟರ್ ಸಾಹೇಬರೂ ನನ್ನ ಮಗಳೂ ಆದ ಶುಭಾಳಿಗೆ,

ನಿನ್ನ ಕಾಗದ ಬಂತು. ಠಾಣೆಯ ವಿಷಯ ಫೋನಿನಲ್ಲಿ ಆಡಬಾರದು, ಕಾಗದದಲ್ಲಿ ಬರೆಯುವಾಗ ಮನುಷ್ಯ ಎರಡು ಸಲ ಯೋಚಿಸುತ್ತಾನೆ ಅಂತ ನಾನು ಹೇಳಿದ್ದನ್ನು ಮರೆತಿಲ್ಲವಲ್ಲ, ಸಂತೋಷ. ವಿಭವ್ ಇದಕ್ಕೆ ನಗುತ್ತಾನೆ. ನಿನ್ನ ತಮ್ಮ ಒನ್-ನಾರ್ತ್‌ನ ಆಫೀಸಿನಲ್ಲಿ ಕೂತು ದಿನವಿಡೀ ಸ್ಕ್ರೀನಿನ ಜೊತೆ ಮಾತಾಡುವವನು. ಪೊಲೀಸ್ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿ ರಿಟೈರ್ ಆದವನ ಕಷ್ಟ ಅವನಿಗೇನು ಗೊತ್ತು.

ನೀನು ಬರೆದದ್ದನ್ನು ನಿಮ್ಮಮ್ಮನಿಗೂ ಓದಿ ಹೇಳಿದೆ. ಠಾಣೆಯ ಕಟ್ಟಡದ ಬಾಡಿಗೆ ಏರಿದೆ, ಜೀಪಿನ ಡೀಸೆಲ್ ತಿಂಗಳ ನಡುವೆಯೇ ಮುಗಿಯುತ್ತದೆ, ಪ್ರಿಂಟರಿನ ಇಂಕಿಗೆ ನೀವೇ ಕೈಯಿಂದ ದುಡ್ಡು ಹಾಕುತ್ತಿದ್ದೀರಿ. ಬಾಡಿಗೆಯಿಲ್ಲದ ಕಟ್ಟಡ ಮಾರ್ಚ್ ಒಳಗೆ ಸಿಗದಿದ್ದರೆ ಕೆಂಬಾರೆ ಠಾಣೆ ಮುಚ್ಚಿ ತಾಲ್ಲೂಕು ಠಾಣೆಗೆ ಸೇರಿಸುತ್ತೇವೆ ಅಂತ ಜಿಲ್ಲಾ ಕಚೇರಿಯಿಂದ ಬಂದಿರುವುದು ಮಾತ್ರ ನನಗೆ ಸರಿಬರಲಿಲ್ಲ. ಕೆಂಬಾರೆಯಿಂದ ತಾಲ್ಲೂಕಿಗೆ ಕೊನೆಯ ಬಸ್ಸು ಸಂಜೆಯೇ ಹೊರಟುಬಿಡುತ್ತದೆ. ಏಟು ತಿಂದ ಹೆಂಗಸು ಆಮೇಲೆ ಯಾರ ಹತ್ತಿರ ಹೋಗಬೇಕು?

ಇಲ್ಲಿ ನಮ್ಮ ಬ್ಲಾಕಿನಿಂದ ಸ್ವಲ್ಪ ದೂರದಲ್ಲಿ ಒಂದು ಪೊಲೀಸ್ ಪೋಸ್ಟ್ ಇದೆ. ಒಳಗೆ ಹೋಗಿ ನೋಡಿದೆ, ಒಬ್ಬನೂ ಇಲ್ಲ, ಯಂತ್ರಗಳು ಮಾತ್ರ. ಬಟನ್ ಒತ್ತಿದರೆ ಸ್ಕ್ರೀನಿನಲ್ಲಿ ಪೊಲೀಸರು ಬರುತ್ತಾರಂತೆ. ಇಲ್ಲಿಗೆ ಇದು ಸರಿ. ಕೆಂಬಾರೆಯಲ್ಲಿ ಯಂತ್ರ ಇಟ್ಟರೆ ಮೊದಲ ಕಳ್ಳತನದ ದೂರು ಆ ಯಂತ್ರದ್ದೇ ಆಗಿರುತ್ತದೆ.

ನಾನು ಕೈಕಟ್ಟಿ ಕೂರುವವನಲ್ಲ. ನಮ್ಮ ಬ್ಲಾಕಿನ ಕೆಳಗಿನ ಖಾಲಿ ಜಾಗದಲ್ಲಿ, ಇಲ್ಲಿಯವರು ವಾಯ್ಡ್ ಡೆಕ್ ಅನ್ನುತ್ತಾರೆ, ಮೇಜು ಹಾಕಿ, ಹುಂಡಿ ಇಟ್ಟು, ಕನ್ನಡದವರಿಂದ ಹಣ ಎತ್ತೋಣ ಅಂದುಕೊಂಡೆ. ವಿಭವ್ ಹೌಹಾರಿದ. ಬೇರೆ ದೇಶದ ಕೆಲಸಕ್ಕೆ ಇಲ್ಲಿ ಜನರಿಂದ ಹಣ ಎತ್ತಲು ಪರ್ಮಿಟ್ ಬೇಕಂತೆ. ಶ್ರೀಯಾ ಅಂತೂ, "ತಾತಾ, ಕೆನಾಟ್ ಲಾ! ಪೊಲೀಸ್ ಬಂದು ಹಿಡ್ಕೊಂಡೋಗ್ತಾರೆ" ಅಂದಳು. ಪೊಲೀಸನನ್ನೇ ಪೊಲೀಸರು ಹಿಡಿಯುತ್ತಾರಂತೆ, ಏಳು ವರ್ಷದ ಮೊಮ್ಮಗಳಿಂದ ಕೇಳಬೇಕಾಯಿತು.

ಹುಂಡಿ ಬೇಡ. ನಿನ್ನ ಸೀಮೆಯ ಒಬ್ಬ ಮನುಷ್ಯ ಸಿಕ್ಕರೆ ಸಾಕು. ಹುಡುಕುತ್ತೇನೆ.

ನಿನ್ನ ಅಪ್ಪ,
ಬದರೀನಾಥ


ಕೆಂಬಾರೆ
14 ಜುಲೈ 2024

ಪಾಸಿರ್ ರಿಸ್ ಬೀಟಿನ ಇನ್ಸ್‌ಪೆಕ್ಟರ್ ಸಾಹೇಬರಿಗೆ,

ಅಪ್ಪ, ಹುಂಡಿಯ ಕಥೆಯನ್ನು ಠಾಣೆಯಲ್ಲಿ ಎಲ್ಲರಿಗೂ ಹೇಳಿದೆ. ನಿಮ್ಮನ್ನು ಅಲ್ಲಿ ಹಿಡಿದರೆ ಜಾಮೀನಿಗೆ ನಾನು ಬರಲಾರೆ, ರಜೆ ಇಲ್ಲ.

ಹುಡುಕಿ, ಬೇಡ ಅನ್ನುವುದಿಲ್ಲ. "ಸಾರ್ವಜನಿಕರ ಸಹಕಾರ ಪಡೆಯುವುದು" ಅಂತ ಜಿಲ್ಲಾ ಕಚೇರಿಯವರೇ ಬರೆದಿದ್ದಾರೆ. ಎಲ್ಲ ಊರಲ್ಲೂ ನಡೆಯುವುದು ಹೀಗೇ. ರಸ್ತೆಯ ಬ್ಯಾರಿಕೇಡ್ ಬಂಗಾರದ ಅಂಗಡಿಯವರದ್ದು, ಗೋಡೆಯ ಗಡಿಯಾರ ಗೊಬ್ಬರದ ಅಂಗಡಿಯವರದ್ದು.

ಕಟ್ಟಡದ ದಾರಿ ನಾನು ನೋಡುತ್ತೇನೆ. ನನಗೆ ಸದ್ಯಕ್ಕೆ ಬೇಕಾಗಿರುವುದು ಒಂದು ಬೆಂಚು. ಇರುವ ಬೆಂಚಿಗೆ ಒಂದು ಕಾಲಿಲ್ಲ, ಇಟ್ಟಿಗೆ ಕೊಟ್ಟಿದ್ದೇವೆ. ದೂರು ಕೊಡಲು ಬಂದವರು ನಿಂತೇ ಮಾತಾಡುತ್ತಾರೆ. ನಿಂತವರು ಅರ್ಧ ಹೇಳುತ್ತಾರೆ, ಕೂತವರು ಪೂರ್ತಿ ಹೇಳುತ್ತಾರೆ. ಇದು ನಿಮ್ಮಿಂದಲೇ ಕಲಿತದ್ದು.

ಅಮ್ಮನ ಮಂಡಿ ನೋವು ಹೇಗಿದೆ? ನಾನು ಊಟ ಸರಿಯಾಗಿ ಮಾಡುತ್ತಿದ್ದೇನೆ, ಕೇಳುವ ಮೊದಲೇ ಹೇಳಿದ್ದೇನೆ.

ನಿಮ್ಮ
ಶುಭಾ


ಪಾಸಿರ್ ರಿಸ್
15 ಸೆಪ್ಟೆಂಬರ್ 2024

ಶುಭಾ,

ಸಿಕ್ಕಿದ! ನಾನು ಹೇಳಿರಲಿಲ್ಲವೇ?

ಗಣೇಶನ ಹಬ್ಬದ ಊಟಕ್ಕೆ ಕನ್ನಡದವರೆಲ್ಲ ಸೇರಿದ್ದರು. ಪಂಕ್ತಿಯಲ್ಲಿ ಕೂತವರನ್ನೆಲ್ಲ "ಯಾವ ಊರು, ಯಾವ ತಾಲ್ಲೂಕು, ಯಾವ ಹೋಬಳಿ" ಅಂತ ಕೇಳುತ್ತಾ ಹೋದೆ. ನಿಮ್ಮಮ್ಮನಿಗೆ ನಾಚಿಕೆಯಾಯಿತು. "ಇದೇನು ಊಟವೋ ವಿಚಾರಣೆಯೋ" ಅಂದಳು. ಪಾಯಸ ಬರುವ ಹೊತ್ತಿಗೆ ಒಬ್ಬ ಸಿಕ್ಕ. ಪ್ರಕಾಶ ಅಂತ, ಬ್ಯಾಂಕಿನಲ್ಲಿ ದೊಡ್ಡ ಕೆಲಸ, ವಯಸ್ಸು ಐವತ್ತರ ಹತ್ತಿರ. ಹುಟ್ಟೂರು ಸಾಕ್ಷಾತ್ ಕೆಂಬಾರೆ! ಮನೆ ನಮ್ಮ ಪಾಸಿರ್ ರಿಸ್‌ನಲ್ಲೇ. ಈಗ ದಿನಾ ಬೆಳಿಗ್ಗೆ ಬೀಚ್ ಪಾರ್ಕಿನಲ್ಲಿ ಇಬ್ಬರೂ ಒಟ್ಟಿಗೆ ವಾಕಿಂಗ್ ಹೋಗುತ್ತೇವೆ.

ಒಳ್ಳೆಯವನು. ಊರಿನ ಹೆಸರು ಕೇಳಿದರೆ ಮುಖ ಅರಳುತ್ತದೆ. ಬೆಂಚಿನ ವಿಷಯ ಹೇಳಿದೆ. "ಅಂಕಲ್, ಬೆಂಚ್ ಒಂದೇ ಯಾಕೆ, ಫ್ಯಾನು, ವಾಟರ್ ಫಿಲ್ಟರು ಎಲ್ಲಾ ಹಾಕ್ಸೋಣ, ಅಣ್ಣಂಗೆ ಹೇಳ್ತೀನಿ" ಅಂದ. ಅವನ ಅಣ್ಣ ದ್ವಾರಕನಾಥ ನಿಮ್ಮ ಊರಿನಲ್ಲೇ ಇದ್ದಾನಂತಲ್ಲ, ಜಲ್ಲಿ ಕ್ರಷರ್ ನಡೆಸುತ್ತಾನಂತೆ. ಆ ಅಣ್ಣ ತಮ್ಮನಿಗಿಂತ ಒಂದು ಹೆಜ್ಜೆ ಮುಂದೆ. ಕ್ರಷರಿನ ಪಕ್ಕ ಅವನದೊಂದು ಹೊಸ ಕಟ್ಟಡ ಖಾಲಿ ಇದೆ, ಠಾಣೆಗೆ ಬಾಡಿಗೆಯಿಲ್ಲದೆ ಕೊಡುತ್ತೇನೆ ಅಂದನಂತೆ.

ಸಬ್ ಇನ್ಸ್‌ಪೆಕ್ಟರ್ ಸಾಹೇಬರೇ, ಮಾರ್ಚ್ ತನಕ ಕಾಯುವುದೇ ಬೇಡ. ಠಾಣೆ ಉಳಿಯಿತು. ಶಹಭಾಸ್ ಅಂತ ಒಂದು ಸಾಲು ಬರೆ, ಸಾಕು.

ಬದರೀನಾಥ


ಕೆಂಬಾರೆ
20 ಅಕ್ಟೋಬರ್ 2024

ಅಪ್ಪ,

ಮೊದಲು ಶಹಭಾಸ್. ನೀವು ಮಾಡಿದ್ದು ಸಣ್ಣ ಕೆಲಸವಲ್ಲ. ಆಮೇಲಿನದನ್ನು ಕೂತು ಓದಿ.

ಬೆಂಚು ಬಂತು, ಒಳ್ಳೆಯ ತೇಗದ ಬೆಂಚು. ಒರಗುವ ಹಲಗೆಯ ಉದ್ದಕ್ಕೂ ಕೆಂಪು ಪೇಂಟಿನಲ್ಲಿ "ದ್ವಾರಕನಾಥ ಮತ್ತು ಪ್ರಕಾಶ ಸಹೋದರರ ಕೊಡುಗೆ" ಅಂತ ಬರೆಸಿದ್ದಾರೆ. ಫಿಲ್ಟರಿನ ಮೇಲೂ ಅದೇ. ಫ್ಯಾನಿನ ಮೂರು ರೆಕ್ಕೆಗೂ ಅದೇ. ತಿರುಗಿದರೆ ಹೆಸರು ಕಾಣುವುದಿಲ್ಲ ಅಂತ ಉದ್ಘಾಟನೆಯ ದಿನ ಫ್ಯಾನು ಹಾಕಲು ಬಿಡಲಿಲ್ಲ. ಹೊಸ ಫ್ಯಾನಿನ ಕೆಳಗೆ ಸಾಹೇಬರಿಂದ ಹಿಡಿದು ಕಾನ್ಸ್‌ಟೇಬಲ್‌ವರೆಗೆ ಎಲ್ಲರೂ ಬೆವರಿದೆವು.

ನಗಬೇಡಿ, ಮುಂದೆ ಇದೆ. ಮೊನ್ನೆ ಮಂಗಳವಾರ ಮಧ್ಯಾಹ್ನ ಒಬ್ಬ ಹೆಂಗಸು ಬಂದರು, ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರ ತುಂಬ ಕಾಗದ. ಬಿಸಿಲಲ್ಲಿ ನಡೆದು ಬಂದಿದ್ದರು. ಕೂತ್ಕೊಳ್ಳಿ ಅಕ್ಕಾ, ನೀರು ಕುಡೀರಿ ಅಂದೆ. ಫಿಲ್ಟರಿನಿಂದ ಲೋಟ ತುಂಬಿಸಿಕೊಂಡು ಕೂರಲು ತಿರುಗಿದವರು ಬೆಂಚಿನ ಮೇಲಿನ ಹೆಸರು ಓದಿದರು. ತಲೆ ಎತ್ತಿ ಫ್ಯಾನು ನೋಡಿದರು. ಕರೆಂಟ್ ಇರಲಿಲ್ಲ, ರೆಕ್ಕೆಗಳು ನಿಂತಿದ್ದವು.

"ಮೇಡಂ, ಇದು ಯಾರ ಸ್ಟೇಷನ್ನು?" ಅಂದರು.

"ಸರ್ಕಾರದ್ದು ಅಕ್ಕಾ."

ಅವರು ನೀರು ಕುಡಿಯಲಿಲ್ಲ. ಲೋಟವನ್ನು ಇದ್ದ ಕಡೆಯೇ ಇಟ್ಟು, "ಏನಿಲ್ಲ ಮೇಡಂ, ದಾರಿ ತಪ್ಪಿ ಬಂದ್ಬಿಟ್ಟೆ" ಅಂತ ಹೊರಟೇಹೋದರು. ಹಿಂದೆ ಓಡಿದೆ, ತಿರುಗಿ ನೋಡದೆ ನಡೆದುಬಿಟ್ಟರು. ಕೆಂಬಾರೆಯವರೇ ಅಪ್ಪ. ಹುಟ್ಟೂರಿನಲ್ಲಿ ಯಾರಾದರೂ ದಾರಿ ತಪ್ಪುತ್ತಾರೆಯೇ?  ಆಗ ಹೊಳೆಯಿತು, ಈ ಬೆಂಚು ಬಂದ ಮೇಲೆ ಠಾಣೆಗೆ ಬರುವವರೇ ಕಡಿಮೆಯಾಗಿದ್ದಾರೆ. ಅದನ್ನು ನಾನು ಊರು ಶಾಂತವಾಗಿದೆ ಅಂದುಕೊಂಡಿದ್ದೆ.

ಅವರ ದೂರು ಯಾರ ಮೇಲೆ ಅಂತ ನೀವು ಊಹಿಸಬಲ್ಲಿರಿ. ಆ ಹೆಂಗಸಿನ ಹೆಸರು ಮಾತ್ರ ಕೇಳಬೇಡಿ.

ಬೆಂಚು, ಫ್ಯಾನು, ಫಿಲ್ಟರು ಎಲ್ಲ ವಾಪಸ್ ಮಾಡುತ್ತೇನೆ. ಆ ಕಟ್ಟಡಕ್ಕೂ ಹೋಗುವುದಿಲ್ಲ. ಬೆಂಚೊಂದೇ ಇಷ್ಟು ಮಾಡಿದರೆ ಇಡೀ ಠಾಣೆ ಅವರ ಅಂಗಳದಲ್ಲಿದ್ದರೆ ಏನಾದೀತು? ಜಿಲ್ಲಾ ಕಚೇರಿಯಲ್ಲಿ ಬೈಸಿಕೊಂಡೆ. ಬೇರೆ ಕಟ್ಟಡ ಮಾರ್ಚ್ ಒಳಗೆ ನಾನೇ ಹುಡುಕುತ್ತೇನೆ ಅಂತ ಹೇಳಿ ಬಂದಿದ್ದೇನೆ. ಎಲ್ಲಿಂದ ಅಂತ ಗೊತ್ತಿಲ್ಲ, ಆದರೆ ಹುಡುಕುತ್ತೇನೆ.

ಪ್ರಕಾಶ ಅವರಿಗೆ ನೀವೇ ಹೇಳಬೇಕು. ಕಾರಣ ಮಾತ್ರ ಹೇಳುವ ಹಾಗಿಲ್ಲ.

ಶುಭಾ


ಪಾಸಿರ್ ರಿಸ್
3 ನವೆಂಬರ್ 2024

ಶುಭಾ,

ಕಾರಣ ಹೇಳದೆ, ಕೊಟ್ಟದ್ದನ್ನು ಮುಖದ ಮೇಲೆ ಎಸೆಯಬೇಕು! ಬಹಳ ಚೆನ್ನಾಗಿದೆ. ಇಲ್ಲಿ ನನ್ನನ್ನು ಮಾತಾಡಿಸುವ ನಾಲ್ಕು ಜನರಲ್ಲಿ ಅವನೊಬ್ಬ. ದೀಪಾವಳಿಗೆ ಅವನ ಮನೆಯಿಂದ ನಮಗೆ ಸಿಹಿ ಬಂದಿದೆ. ಅದನ್ನು ತಿಂದು ಕೈ ಒರೆಸಿಕೊಂಡು, ನಿನ್ನ ಬೆಂಚು ನಮಗೆ ಬೇಡಪ್ಪ ಅನ್ನಲೇ?

ಪೇಂಟು ಕೆರೆಸಿದರೆ ಆಗುತ್ತಿರಲಿಲ್ಲವೇ? ಕಟ್ಟಡ ಕೈಗೆ ಬಂದಿತ್ತು. ಈಗ ಮಾರ್ಚ್ ಬಂದರೆ ಏನು ಮಾಡುತ್ತೀಯ, ಮರದ ಕೆಳಗೆ ಠಾಣೆ ಇಡುತ್ತೀಯಾ?

ಬದರೀನಾಥ

ಮಗಳೇ, ಕಾಗದ ಅಂಟಿಸುವ ಕೆಲಸ ನನ್ನದಾದ್ದರಿಂದ ಎರಡು ಸಾಲು ಸೇರಿಸುತ್ತಿದ್ದೇನೆ. ಹಂಗಿನ ಅರಮನೆಗಿಂತ ಗುಡಿಸಲು ಲೇಸು. ನೀನು ಮಾಡಿದ್ದು ಸರಿ. ನಿಮ್ಮಪ್ಪನ ಕೋಪ ಹಾಲು ಉಕ್ಕಿದ ಹಾಗೆ, ಒಲೆ ಆರಿಸಿದರೆ ಇಳಿಯುತ್ತದೆ. ಒಲೆ ಆರಿಸಿದ್ದೇನೆ.
ಕೌಸಲ್ಯಾ


ಪಾಸಿರ್ ರಿಸ್
8 ಡಿಸೆಂಬರ್ 2024

ಮಗಳೇ,

ಹೇಳಿದೆ.

ನಾವು ದಿನಾ ಕೂರುವ ಬೆಂಚು ಸಮುದ್ರಕ್ಕೆ ಮುಖ ಮಾಡಿದೆ. ಹಡಗುಗಳು ದೂರದಲ್ಲಿ ನಿಂತಿರುತ್ತವೆ. ಅಲ್ಲಿ ಕೂತಾಗಲೇ ವಿಷಯ ತೆಗೆದೆ. ಪ್ರಕಾಶ ಮೊದಲು ನಕ್ಕ, ತಮಾಷೆ ಅಂದುಕೊಂಡ. ಆಮೇಲೆ ಮುಖ ಇಳಿಯಿತು.

"ಅಂಕಲ್, ನನ್ನ ದುಡ್ಡಲ್ಲಿ ಏನು ದೋಷ?"

"ದುಡ್ಡಲ್ಲಿ ಇಲ್ಲಪ್ಪ, ಪೇಂಟಲ್ಲಿದೆ."

"ಹೆಸರು ಹಾಕ್ಸಿ ಅಂತ ನಾನು ಹೇಳೇ ಇಲ್ಲ. ಅಣ್ಣ ಹಾಕ್ಸಿರ್ಬೇಕು. ಅಳಿಸ್ಬಿಟ್ರೆ ಆಯ್ತಲ್ವಾ?"

"ಊರೆಲ್ಲಾ ಓದಿಯಾಗಿದೆ ಪ್ರಕಾಶ. ಇನ್ನು ಅಳ್ಸಿದ್ರೆ ಪೇಂಟು ಹೋಗುತ್ತೆ, ಹೆಸರು ಹೋಗಲ್ಲ."

ನಾನು ನಿನ್ನನ್ನು ಕೇಳಿದ ಪ್ರಶ್ನೆಯನ್ನೇ ಅವನು ನನ್ನನ್ನು ಕೇಳಿದ, ನಾನು ನಿನ್ನ ಪರವಾಗಿ ಉತ್ತರ ಕೊಟ್ಟೆ. ಬಾಯಿಂದ ಮಾತು ಹೊರಬಿದ್ದ ಮೇಲೇ ನೀನು ಮಾಡಿದ್ದು ಸರಿ ಅಂತ ನನಗೂ ಅರ್ಥವಾಗಿದ್ದು.  ಅವನು ಎದ್ದು, "ಬರ್ತೀನಿ ಅಂಕಲ್" ಅಂದು ಹೋದ. ಮಾರನೆಯ ದಿನದಿಂದ ವಾಕಿಂಗಿಗೆ ಬಂದಿಲ್ಲ. ಬೇಜಾರಾಗಿದೆ, ಸುಳ್ಳು ಯಾಕೆ ಹೇಳಲಿ. ಅವನ ಜೊತೆ ಮಾತಾಡುವುದು ನನಗೆ ಇಷ್ಟವಾಗಿತ್ತು.

ಒಬ್ಬನೇ ಕೂತಾಗ ಬೆಂಚಿನ ಹಿಂದೆ ಮುಂದೆ ಎಲ್ಲ ಬಗ್ಗಿ ನೋಡಿದೆ. ಎಲ್ಲೂ ಹೆಸರಿಲ್ಲ. ಇಷ್ಟು ದಿನ ಕೂತಿದ್ದೇನೆ, ಇದು ಯಾರದ್ದು ಅಂತ ಕೇಳಬೇಕು ಅಂತಲೂ ಅನಿಸಿರಲಿಲ್ಲ. ಮನೆಗೆ ಬಂದು ವಿಭವ್‌ನನ್ನು ಕೇಳಿದೆ. "ಟ್ಯಾಕ್ಸ್ ಕಟ್ಟಿದೋರದ್ದು ಅಪ್ಪಾ, ಇನ್ಯಾರದ್ದು" ಅಂದ, ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯದೆ. ಆ ಮಾತು ನನ್ನ ತಲೆಯಲ್ಲಿ ಕೂತಿದೆ.

ನಿಮ್ಮ ಪಂಚಾಯಿತಿಯವರು ಏನನ್ನುತ್ತಾರೆ? ಅವರ ಹತ್ತಿರ ಒಂದು ಸೂರೂ ಇಲ್ಲವೇ?

ಅಪ್ಪ


ಕೆಂಬಾರೆ
26 ಜನವರಿ 2025

ಅಪ್ಪ,

ಧ್ವಜ ಹಾರಿಸಿ ಬಂದು ಬರೆಯುತ್ತಿದ್ದೇನೆ. ಸಿಹಿ ಸುದ್ದಿ, ಕಹಿ ಸುದ್ದಿ ಎರಡೂ ಇವೆ.

ದ್ವಾರಕನಾಥ ಅವರು ವಾಪಸ್ ತೆಗೆದುಕೊಳ್ಳಲು ಒಪ್ಪಲಿಲ್ಲ. ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವ ವಂಶ ನಮ್ಮದಲ್ಲ ಅಂದರು. ಪಂಚಾಯಿತಿಗೆ ಕೊಟ್ಟುಬಿಟ್ಟೆ. ಫ್ಯಾನು, ಫಿಲ್ಟರು ಶಾಲೆಗೆ ಹೋದವು, ಬೆಂಚು ಬಸ್ ಸ್ಟ್ಯಾಂಡಿಗೆ ಹೋಯಿತು. ಅಲ್ಲಿ ಆ ಹೆಸರಿಗೆ ಯಾರೂ ಹೆದರುವುದಿಲ್ಲ. ಒರಗಿಕೊಂಡು ಎಲೆ ಅಡಿಕೆ ಹಾಕುತ್ತಾರೆ. ನಾನು ನನ್ನ ಕುರ್ಚಿಯನ್ನು ಬಂದವರಿಗೆ ಕೊಟ್ಟು ಮೇಜಿನ ಅಂಚಿಗೆ ಕೂರುತ್ತೇನೆ.

ಹತ್ತು ದಿನದ ಹಿಂದೆ ಆ ಹೆಂಗಸು ಬಂದರು. ಒಳಗೆಲ್ಲ ನೋಡಿ, "ಬೆಂಚ್ ಎಲ್ಲೋಯ್ತು ಮೇಡಂ?" ಅಂದರು.

"ಬಸ್ ಸ್ಟ್ಯಾಂಡಲ್ಲಿದೆ."

"ಗೊತ್ತು. ಬೆಳಗ್ಗಿಂದ ಅದ್ರ ಮೇಲೇ ಕೂತಿದ್ದೆ. ನಿಜವಾಗ್ಲೂ ಇಲ್ಲಿಂದ ಹೋಗಿದ್ಯಾ ಅಂತ ನೋಡೋಕ್ ಬಂದೆ."

ಕುರ್ಚಿಯಲ್ಲಿ ಕೂತರು, ನೀರು ಕುಡಿದರು, ಪೂರ್ತಿ ಹೇಳಿದರು. ಎಫ್‌ಐಆರ್ ಆಗಿದೆ, ಊರಿಗೆಲ್ಲ ಗೊತ್ತಾಗಿದೆ, ಹಾಗಾಗಿ ಈಗ ನಿಮಗೂ ಹೇಳಬಹುದು. ಅವರ ಹೆಸರು ಭಾನುಮತಿ. ದ್ವಾರಕನಾಥ, ಪ್ರಕಾಶ ಇಬ್ಬರ ಒಡಹುಟ್ಟಿದ ತಂಗಿ. ಗಂಡ ತೀರಿಹೋದ ಮೇಲೆ ತವರಿನ ಪಾಲಿನ ಜಮೀನಿನಲ್ಲಿ ಮನೆ ಕಟ್ಟಿಕೊಂಡು ಬದುಕುತ್ತಿದ್ದಾರೆ. ಆ ಜಮೀನನ್ನು ಅವರೇ ಬಿಟ್ಟುಕೊಟ್ಟ ಹಾಗೆ ಪತ್ರವಾಗಿ ದೊಡ್ಡಣ್ಣನ ಹೆಸರಿಗೆ ಹೋಗಿದೆ. ತಾನು ಸಹಿ ಹಾಕಿಲ್ಲ ಅನ್ನುತ್ತಾರೆ. ಪತ್ರದಲ್ಲಿ ಪ್ರಕಾಶ ಅವರ ಒಪ್ಪಿಗೆ ಸಹಿಯೂ ಇದೆ.

"ಚಿಕ್ಕಣ್ಣನ ಮೇಲೆ ನಂಬಿಕೆ ಇತ್ತು ಮೇಡಂ. ಬೆಂಚ್ ಮೇಲೆ ಇಬ್ರ ಹೆಸ್ರೂ ಒಟ್ಟಿಗೆ ನೋಡಿ, ಅವ್ನೂ ಆ ಕಡೆನೇ ಅನ್ಕೊಂಡೆ" ಅಂದರು. ಮನೆಯ ಹೆಣ್ಣುಮಗಳ ಹೆಸರು ಯಾವ ಬೆಂಚಿನ ಮೇಲೂ ಬರುವುದಿಲ್ಲವಲ್ಲ ಅಪ್ಪ.

ಈಗ ಕಹಿ ಸುದ್ದಿ. ಪಂಚಾಯಿತಿ ಕಚೇರಿಯ ಪಕ್ಕ ಒಂದು ಹಳೆಯ ಭವನ ಇದೆ, ಗೋಡೆ ಗಟ್ಟಿ, ಸೂರು ಹೋಗಿದೆ. ಠಾಣೆಗೆ ಬಿಟ್ಟಿ ಕೊಡಲು ಗ್ರಾಮಸಭೆ ಒಪ್ಪಿದೆ, ಸೂರು ಹಾಕಿಸಲು ಪಂಚಾಯಿತಿಯಲ್ಲಿ ಹಣವಿಲ್ಲ. ಊರಿನ ಬೀಗ ಹಾಕಿದ ಮನೆಗಳವರು ವರ್ಷಗಟ್ಟಲೆ ಕಂದಾಯ ಕಟ್ಟಿಲ್ಲವಂತೆ. ಬೆಂಗಳೂರು, ಆಸ್ಟ್ರೇಲಿಯಾ, ನಿಮ್ಮ ಸಿಂಗಾಪುರ, ಎಲ್ಲ ಕಡೆಯವರೂ ಇದ್ದಾರೆ. "ಗುಡಿಗೆ ಗಂಟೆ ಕೊಡ್ತಾರೆ ಮೇಡಂ, ಕಂದಾಯ ಕಟ್ಟಿ ಅಂದ್ರೆ ಫೋನ್ ಇಡ್ತಾರೆ" ಅಂದರು ಅಧ್ಯಕ್ಷರು.

ಮಾರ್ಚ್ ದೂರವಿಲ್ಲ. ಆದರೂ ನನಗೆ ಧೈರ್ಯವಿದೆ. ಠಾಣೆಯ ಬಾಗಿಲಲ್ಲಿ ಈಗ ಚಪ್ಪಲಿ ತುಂಬಿರುತ್ತವೆ.

ಶುಭಾ


ಪಾಸಿರ್ ರಿಸ್
2 ಮಾರ್ಚ್ 2025

ಶುಭಾ,

ಕಂದಾಯ! ಇದಕ್ಕೆ ಪರ್ಮಿಟ್ ಬೇಕೇ ಅಂತ ವಿಭವ್‌ನನ್ನು ಕೇಳಿದೆ. "ಅವರವರ ಟ್ಯಾಕ್ಸ್ ಅವರವರು ಕಟ್ಟೋಕೆ ಯಾರ ಪರ್ಮಿಶನ್ ಅಪ್ಪಾ" ಅಂದ. ನನ್ನ ಮಗ ಒಂದೊಂದು ಸಲ ಬುದ್ಧಿವಂತ.

ಫೋನು ಹಿಡಿದೆ. ನಿಮ್ಮ ಅಧ್ಯಕ್ಷರ ಜೊತೆಗೂ ಮಾತಾಡಿದೆ. ಇದು ಠಾಣೆಯ ಗುಟ್ಟಲ್ಲವಲ್ಲ, ಫೋನಿನಲ್ಲಿ ಆಡಬಹುದು. ಕೆಂಬಾರೆ ಸುತ್ತಿನವರು ಇಲ್ಲಿ ನಾಲ್ಕು ಮನೆ ಸಿಕ್ಕರು. ಲಿಟಲ್ ಇಂಡಿಯಾದ ಹೋಟೆಲಿಗೆ ತಿಂಡಿಗೆ ಕರೆದೆ, ಖರ್ಚು ನನ್ನದು. ಇಡ್ಲಿ ಬಾಯಲ್ಲಿರುವಾಗಲೇ ಕೇಳಿದೆ, "ಊರಿನ ಮನೆ ಕಂದಾಯ ಕಟ್ಟಿದ್ದೀರಾ?" ಎಲ್ಲರೂ ಚಟ್ನಿ ನೋಡಿದರು. ಒಬ್ಬ, "ಅಂಕಲ್, ಎಷ್ಟಾದ್ರೂ ಡೊನೇಟ್ ಮಾಡ್ತೀವಿ" ಅಂದ. ದಾನ ಬೇಡ, ಬಾಕಿ ಕೊಡಿ ಅಂದೆ. ಹೆಸರು ಎಲ್ಲೂ ಬರುವುದಿಲ್ಲ, ಬರೀ ರಸೀದಿ ಬರುತ್ತದೆ ಅಂತಲೂ ಹೇಳಿದೆ. ಕಟ್ಟಿದರು. ಅವರು ಬೆಂಗಳೂರಿನವರನ್ನು ಹಿಡಿದರು, ಬೆಂಗಳೂರಿನವರು ಆಸ್ಟ್ರೇಲಿಯಾದವರನ್ನು ಹಿಡಿದರು. ನಾಚಿಕೆ ಒಳ್ಳೆಯ ವಸೂಲಿಗಾರ ಅಂತ ಈ ವಯಸ್ಸಿನಲ್ಲಿ ಕಲಿತೆ.

ಪ್ರಕಾಶನನ್ನು ಮಾತ್ರ ಕರೆದಿರಲಿಲ್ಲ. ನಿನ್ನ ಕೇಸಿನಲ್ಲಿ ಅವನು ಸಾಕ್ಷಿಯಾಗಬಹುದಾದವನು, ನಾನಾಗಿ ಮಾತಾಡಿಸುವುದು ತಪ್ಪು.

ಮೊನ್ನೆ ಅವನೇ ನಮ್ಮ ಬಾಗಿಲಿಗೆ ಬಂದ. ಒಳಗೆ ಬಂದು ನಿಂತೇ ಇದ್ದ. ನಿಮ್ಮಮ್ಮ ಕಾಫಿ ತಂದು, "ಕೂತ್ಕೊಳಪ್ಪ" ಅಂದಾಗ ಕೂತ. ಭಾನುಮತಿ ಫೋನ್ ಮಾಡಿದ್ದಳಂತೆ, ಎಷ್ಟೋ ಕಾಲದ ಮೇಲೆ. ಒಂದೇ ಮಾತು ಕೇಳಿದಳಂತೆ. "ಅಣ್ಣಾ, ನೀನು ಸೈನ್ ಹಾಕಿದ್ಯಾ?"

"ಆ ಪೇಪರ್ ನಾನು ನೋಡೇ ಇಲ್ಲ ಅಂಕಲ್" ಅಂದ. "ಆ ತಾರೀಖಲ್ಲಿ ನಾನು ಇಲ್ಲೇ ಆಫೀಸಲ್ಲಿದ್ದೆ. ನಿಮಗೆ ಆವತ್ತೇ ಗೊತ್ತಿತ್ತಾ?"

"ಒಬ್ಬರಿಗೆ ಆ ಬೆಂಚಲ್ಲಿ ಕೂರೋಕ್ ಆಗ್ಲಿಲ್ಲ ಅನ್ನೋದು ಗೊತ್ತಿತ್ತು. ಅವ್ರು ನಿನ್ನ ತಂಗಿ ಅಂತ ಗೊತ್ತಿರ್ಲಿಲ್ಲ. ಮುಂದಿನದು ನನಗೆ ಹೇಳ್ಬೇಡ. ಹೇಳೋ ಜಾಗ ಕೆಂಬಾರೇಲಿದೆ."

ಅವನು ಅತ್ತ ಶುಭಾ. ಅಷ್ಟು ದೊಡ್ಡ ಬ್ಯಾಂಕಿನ ಮನುಷ್ಯ, ಕಾಫಿ ಲೋಟ ಹಿಡಿದುಕೊಂಡು ಅತ್ತ. ಅಣ್ಣನೂ ಬೇಕು, ತಂಗಿಯೂ ಬೇಕು ಅನ್ನುವವನ ಕಷ್ಟ ನನಗೆ ಅರ್ಥವಾಗುತ್ತದೆ. ಏನು ಮಾಡುತ್ತಾನೋ ಗೊತ್ತಿಲ್ಲ. ಹೋಗುವಾಗ ಅವರ ಮನೆಯ ಕಂದಾಯದ ಬಾಕಿ ಎಲ್ಲಿ ಕಟ್ಟಬೇಕು ಅಂತ ಕೇಳಿಕೊಂಡು ಹೋದ.

ಸೂರು ಎಲ್ಲಿಗೆ ಬಂತು?

ಅಪ್ಪ


ಕೆಂಬಾರೆ
13 ಏಪ್ರಿಲ್ 2025

ಅಪ್ಪ, ಅಮ್ಮ ಇಬ್ಬರಿಗೂ,

ಸೂರು ಬಂದಿದೆ! ಮಾರ್ಚ್ ಕೊನೆಯ ವಾರ ಜಿಲ್ಲಾ ಕಚೇರಿಯಿಂದ ಬಂದು ನೋಡಿದರು. ತಗಡು ಹೊಳೆಯುತ್ತಿತ್ತು, ಗೋಡೆಯ ಸುಣ್ಣ ಇನ್ನೂ ಹಸಿಯಿತ್ತು, ಒಬ್ಬ ಸಾಹೇಬರ ಪ್ಯಾಂಟಿಗೆ ಮೆತ್ತಿಕೊಂಡಿತು. ಬೈಯುತ್ತಲೇ ಬರೆದುಕೊಟ್ಟರು: ಕೆಂಬಾರೆ ಠಾಣೆ ಕೆಂಬಾರೆಯಲ್ಲೇ. ಡೀಸೆಲ್ ಇನ್ನೂ ತಿಂಗಳ ನಡುವೆಯೇ ಮುಗಿಯುತ್ತದೆ. ಅದಕ್ಕೂ ಜಗಳ ಶುರು ಮಾಡಿದ್ದೇನೆ.

ಪಂಚಾಯಿತಿಯವರು ಬೆಂಚನ್ನೂ ಮಾಡಿಸಿದ್ದಾರೆ. ಹಲಸಿನ ಹಲಗೆ, ಪಾಲಿಶ್ ಇಲ್ಲ. ಬಡಗಿ ನನ್ನನ್ನು, "ಏನ್ ಬರೀಲಿ ಮೇಡಂ?" ಅಂದ. ಏನೂ ಬರೆಯಬೇಡ ಅಂದೆ. ಪಾಪ, ಅವನಿಗೆ ಬೇಜಾರಾಯಿತು.

ಮೊನ್ನೆ ಬೆಳಿಗ್ಗೆ ಒಬ್ಬರು ಬಂದು ಆ ಬೆಂಚಿನ ತುದಿಯಲ್ಲಿ ಕೂತರು. ನೇರ ಏರ್‌ಪೋರ್ಟಿನಿಂದ ಬಂದಿದ್ದರು, ಪಕ್ಕದಲ್ಲಿ ಸೂಟ್‌ಕೇಸ್. ನಾನು ಬೇರೆಯವರ ಹೇಳಿಕೆ ಬರೆಯುತ್ತಿದ್ದೆ, ಕಾಯಿರಿ ಅಂದೆ, ಕಾದರು. ಅಷ್ಟರಲ್ಲಿ ಭಾನುಮತಿ ತಮ್ಮ ಕೇಸಿನ ಕಾಗದ ಕೊಡಲು ಬಂದರು. ಬಾಗಿಲಲ್ಲೇ ನಿಂತುಬಿಟ್ಟರು. ಠಾಣೆ ತುಂಬ ಜನ, ಕೂರಲು ಉಳಿದಿದ್ದ ಜಾಗ ಆ ಬೆಂಚಿನಲ್ಲಿ ಮಾತ್ರ. ಮೊದಲೇ ಕೂತಿದ್ದವರು ಸೂಟ್‌ಕೇಸನ್ನು ಕೆಳಗೆ ಎಳೆದುಕೊಂಡು ಸ್ವಲ್ಪ ಸರಿದರು. ಭಾನುಮತಿ ಹೋಗಿ ಕೂತರು.  ನನ್ನ ಪೆನ್ನು ನಿಂತುಹೋಗಿತ್ತು ಅಪ್ಪ, ಎದುರಿಗಿದ್ದವನು ಎರಡು ಸಲ ಕೆಮ್ಮಿದ.

ಹೊಸ ಕಾನ್ಸ್‌ಟೇಬಲ್ ಬಂದವರ ಹೆಸರು ಬರೆದುಕೊಳ್ಳುತ್ತಾ ಸೂಟ್‌ಕೇಸಿನವರನ್ನು, "ನೀವು ಯಾರ ಕಡೆಯವ್ರು ಸಾರ್?" ಅಂದ.

ಪ್ರಕಾಶ ತಂಗಿಯ ಕಡೆ ನೋಡಿದರು.

"ಇವಳ ಅಣ್ಣ" ಅಂದರು.

ನಿಮ್ಮ
ಶುಭಾ